ಒಂದರಿಂದ ಮೂರರ ನಡುವೆ

ನಮ್ಮ ಕಡೆ ಕೂಸು ಹುಟ್ಟಿದ ಮನೆಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಅಂಟಿನುಂಡೆಗೆ ಉತ್ತತ್ತಿ ಎಷ್ಟು ಹಾಕಬೇಕು, ಎರೆಯುವ ನೀರು ಎಷ್ಟು ಬಿಸಿ ಇರಬೇಕು, ಕುಂಚಿಗೆಗೆ ಯಾವ ಬಟ್ಟೆ ಮೆತ್ತಗೆ ಎಂದು ಓಣಿಯ ಒಬ್ಬೊಬ್ಬ ಹೆಂಗಸೂ ಒಂದೊಂದು ಹೇಳುತ್ತಾಳೆ. ಮುಂದೆ ಹುಡುಗ ಸಾಲಿಗೆ ಹೋಗತೊಡಗಿದ ಮೇಲೆ ಮಾಸ್ತರರು ಇದ್ದೇ ಇದ್ದಾರೆ. ನಡುವಿನ ಎರಡು ವರ್ಷಕ್ಕೆ ಮಾತ್ರ ವಾರಸುದಾರರಿಲ್ಲ. ತೊಟ್ಟಿಲು ಬಿಟ್ಟ, ಸಾಲಿ ಹತ್ತದ, ಕಾಲು ಬಂದು ಬುದ್ಧಿ ಇನ್ನೂ ಬಾರದ ಆ ವಯಸ್ಸನ್ನು ಮನೆಯವರು ಹೇಗೋ ದಾಟಿಸಿಬಿಡುತ್ತಾರೆ. ದಾಟಿದ ಮೇಲೆ ಮರೆತೂ ಬಿಡುತ್ತಾರೆ. ನನಗೆ ಮರೆಯಲು ಆಗಲಿಲ್ಲ. ಆ ವರ್ಷಗಳಲ್ಲಿ ನಾನು ಮನೆಯೊಳಗೆ ತಾಯಿ, ಹೊಚ್ಚಲು ದಾಟಿದರೆ ಅಂಗನವಾಡಿ ಕಾರ್ಯಕರ್ತೆ.

ಕುಪ್ಪೇಲೂರು ರಾಣೇಬೆನ್ನೂರು ತಾಲ್ಲೂಕಿನ ಹೋಬಳಿ ಊರು. ನಾನು ಬ್ಯಾಡಗಿಯಿಂದ ಸೊಸೆಯಾಗಿ ಇಲ್ಲಿಗೆ ಬಂದಾಗ ತವರು, ಗಂಡನ ಮನೆ ಎರಡೂ ಧಾರವಾಡ ಜಿಲ್ಲೆಯಲ್ಲಿದ್ದವು. ಮಗ ಹುಟ್ಟಿದ್ದು 1996ರ ಮುಂಗಾರಿನಲ್ಲಿ. ಅವನು ಓಡಾಡಲು ಕಲಿತ ಹೊತ್ತಿಗೆ, 1997ರ ಆಗಸ್ಟ್ 24ರಂದು, ಹಾವೇರಿ ಬೇರೆ ಜಿಲ್ಲೆಯಾಯಿತು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಮಾವನವರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇನ್ನ ಮ್ಯಾಲೆ ಧಾರವಾಡಕ್ಕ ಅಲೆದಾಡೂದು ತಪ್ಪಿತಲೇ ಯಪ್ಪಾ" ಎಂದರು. ಅವನು ಆ ಪೇಪರಿನ ಮೂಲೆ ಹರಿದು ಬಾಯಿಗೆ ಹಾಕಿಕೊಂಡ. ಹೊಸ ಜಿಲ್ಲೆಯ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ಅಷ್ಟಕ್ಕೇ ಮುಗಿಯಿತು.

ಹಳೆಯ ಕಾಲದ ಮಣ್ಣಿನ ಮನೆ ನಮ್ಮದು. ಮುಂದೆ ಕಟ್ಟೆ, ಒಳಗೆ ಒಂದು ಬದಿ ದನಗಳ ಗೋದಲಿ, ಮೇಲೆ ಪಡಸಾಲೆ, ಅದರ ಹಿಂದೆ ಅಡುಗೆ ಮನೆ, ಬಚ್ಚಲು, ಹಿತ್ತಲು. ಈ ಮನೆ ಎಷ್ಟು ಅಪಾಯದ್ದು ಎಂದು ತಿಳಿದದ್ದು ಮಗನಿಗೆ ಕಾಲು ಬಂದ ಮೇಲೆ. ಪಡಸಾಲೆಯಿಂದ ಗೋದಲಿಯ ಕಡೆಗೆ ಎರಡು ಮೆಟ್ಟಿಲು, ಆಮೇಲೆ ಎತ್ತಿನ ಕಾಲು. ಬಚ್ಚಲಲ್ಲಿ ಕುದಿಯುವ ಹಂಡೆ. ಅಡುಗೆ ಮನೆಯಲ್ಲಿ ನೆಲದ ಮೇಲೆ ಒಲೆ, ಒಲೆಯ ಪಕ್ಕ ಈಳಿಗೆ. ಹಿತ್ತಲಲ್ಲಿ ನೀರಿನ ತೊಟ್ಟಿ. ಮೂಲೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ. ದೊಡ್ಡವರು ಕುಳಿತು ಮಾಡುವ ಕೆಲಸವೆಲ್ಲ ನೆಲದ ಮೇಲೆಯೇ ನಡೆಯುವ ಮನೆಯಲ್ಲಿ, ಎಲ್ಲ ವಸ್ತುವೂ ಕೂಸಿನ ಕೈಗೆ ಎಟುಕುವ ಎತ್ತರದಲ್ಲೇ ಇರುತ್ತದೆ. ಎಣ್ಣೆಯ ಡಬ್ಬಿ ಅಟ್ಟ ಸೇರಿತು. ಈಳಿಗೆ ಗೂಟಕ್ಕೆ ಏರಿತು. ತೊಟ್ಟಿಗೆ ಹಲಗೆ ಮುಚ್ಚಿದರು. ಎತ್ತುಗಳನ್ನು ಮಾತ್ರ ಎಲ್ಲಿಗೂ ಏರಿಸಲು ಆಗದ್ದರಿಂದ, ಪಡಸಾಲೆಯ ಅಂಚಿಗೆ ಜೋಳದ ಚೀಲಗಳನ್ನು ಅಡ್ಡ ಇಟ್ಟರು. ಮಗ ಚೀಲ ಹತ್ತುವುದನ್ನು ಕಲಿತ.

ಬೆಳಗಿನ ದಿನಚರಿ ಅತ್ತೆಯದು. ಎಳೆಬಿಸಿಲು ಕಟ್ಟೆಗೆ ಬರುತ್ತಲೇ ಅವರು ಎರಡೂ ಕಾಲು ಚಾಚಿ ಕೂತು, ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಆರು ತಿಂಗಳ ಕೂಸು ಸುಮ್ಮನೆ ತಿಕ್ಕಿಸಿಕೊಂಡಿತ್ತು. ವರ್ಷ ತುಂಬಿದ್ದು ಎಣ್ಣೆ ಮೈಯಲ್ಲಿ ಜಾರಿ ಓಡುತ್ತಿತ್ತು. ಉಡಿದಾರವೊಂದನ್ನೇ ಹಾಕಿಕೊಂಡು ಓಣಿಗೆ ಇಳಿದವನನ್ನು ಎದುರು ಮನೆಯ ಕಾಕಾ ಹಿಡಿದು ತಂದು ಕೊಡುತ್ತಿದ್ದರು. ಎರೆದ ಮೇಲೆ ಲೋಬಾನದ ಹೊಗೆ, ಕೆನ್ನೆಗೊಂದು ಕಪ್ಪು ಬೊಟ್ಟು, ಆಮೇಲೆ ಕೌದಿಯೊಳಗೆ ನಿದ್ದೆ. ಆ ಕೌದಿಯಲ್ಲಿ ನನ್ನ ಅವ್ವನ ಒಂದು ಸೀರೆ, ಅತ್ತೆಯ ಎರಡು ಸೀರೆ, ನನ್ನ ಮದುವೆಗಿಂತ ಹಿಂದಿನ ಒಂದು ಲಂಗ ಇದ್ದವು. ಅವನು ಮಲಗಿದ ಒಂದೂವರೆ ತಾಸಿನಲ್ಲಿ ಮನೆಯ ಅರ್ಧ ಕೆಲಸ ಮುಗಿಯಬೇಕು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಎದ್ದರೆ ಆ ದಿನದ ಲೆಕ್ಕವೇ ತಪ್ಪುತ್ತಿತ್ತು.

ಉಣಿಸುವುದು ಇನ್ನೊಂದು ಅಧ್ಯಾಯ. ಈ ವಯಸ್ಸಿನ ಕೂಸಿನ ಹೊಟ್ಟೆ ಸಣ್ಣದು, ಹಸಿವು ಪದೇ ಪದೇ. ಒಂದು ಸಲಕ್ಕೆ ನಾಲ್ಕು ತುತ್ತು ತಿಂದು ಮುಖ ತಿರುಗಿಸುತ್ತದೆ, ತಾಸು ಕಳೆದರೆ ಮತ್ತೆ ಬಾಯಿ ತೆರೆಯುತ್ತದೆ. ದಿನಕ್ಕೆ ನಾಲ್ಕೈದು ಸಲವಾದರೂ ಮೆತ್ತಗಿನದ್ದು ಏನಾದರೂ ಹೋಗಬೇಕು ಎಂದು ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅತ್ತೆಗೆ ತರಬೇತಿ ಆಗಿರಲಿಲ್ಲ, ಆದರೆ ಅವರು ಮಾಡುತ್ತಿದ್ದದ್ದು ಅದನ್ನೇ. ಬೆಳಿಗ್ಗೆ ಹಾಲಿನಲ್ಲಿ ಹಿಸುಕಿದ ಬಿಸಿ ರೊಟ್ಟಿ, ಆಮೇಲೆ ಬೆಲ್ಲ ಕಲಸಿದ ಪುಟಾಣಿ ಹಿಟ್ಟು, ಮಧ್ಯಾಹ್ನ ಬೇಳೆಯ ಕಟ್ಟು ಹಾಕಿದ ಅನ್ನ, ಇಳಿಹೊತ್ತಿಗೆ ಬಾಳೆಹಣ್ಣು, ರಾತ್ರಿ ನುಚ್ಚು ಮಜ್ಜಿಗೆ. ಒಂದೇ ಜಾಗದಲ್ಲಿ ಕೂತು ಉಂಡ ನೆನಪು ಮಾತ್ರ ಇಲ್ಲ. ಮೊದಲ ತುತ್ತು ನಮ್ಮ ಕಟ್ಟೆಯಲ್ಲಿ, ಎರಡನೆಯದು ಗೋದಲಿಯ ಆಕಳಿಗೆ ತೋರಿಸಿ, ಮೂರನೆಯದು ಪಕ್ಕದ ಮನೆಯ ಅಂಗಳದಲ್ಲಿ. ಬಟ್ಟಲು ಹಿಡಿದ ಅತ್ತೆ ಹಿಂದೆ, ಅವನು ಮುಂದೆ. ಊಟ ಮುಗಿಯುವಷ್ಟರಲ್ಲಿ ಅತ್ತೆಗೆ ಓಣಿಯ ಸುದ್ದಿಯೆಲ್ಲ ತಿಳಿದಿರುತ್ತಿತ್ತು.

ಇದೆಲ್ಲದರ ನಡುವೆ ನನ್ನ ಕೆಲಸ. ಅಂಗನವಾಡಿ ಅಂದರೆ ಮಕ್ಕಳಿಗೆ ಉಪ್ಪಿಟ್ಟು ಹಾಕಿ ಹಾಡು ಹೇಳಿಸುವ ಜಾಗ ಎಂದು ಬಹಳ ಜನರ ಎಣಿಕೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅದರ ಲೆಕ್ಕದೊಳಗೆ ಹುಟ್ಟಿದ ಕೂಸಿನಿಂದ ಆರು ವರ್ಷದವರೆಗಿನ ಎಲ್ಲ ಮಕ್ಕಳೂ, ಬಸುರಿಯರೂ ಬಾಣಂತಿಯರೂ ಬರುತ್ತಾರೆ. ಆದರೆ ಕೇಂದ್ರಕ್ಕೆ ಬಂದು ಕೂರುವುದು ಮೂರರಿಂದ ಆರು ವರ್ಷದವರು. ಮೂರು ತುಂಬದವರಿಗೆ ಮನೆಗೆ ಒಯ್ಯಲು ಪೌಷ್ಟಿಕ ಹಿಟ್ಟು, ತಿಂಗಳಿಗೊಮ್ಮೆ ತೂಕ, ಸರಿಯಾದ ಹೊತ್ತಿಗೆ ಚುಚ್ಚುಮದ್ದು. ಅಂದರೆ ಆ ಕೂಸಿನ ಹೆಸರು ನನ್ನ ರಿಜಿಸ್ಟರಿನಲ್ಲಿ ಇರುತ್ತದೆ, ಕೂಸಿಗೆ ನನ್ನ ಕೋಣೆಯಲ್ಲಿ ಜಾಗ ಇರುವುದಿಲ್ಲ. ನನ್ನ ಮಗನ ಹೆಸರನ್ನೂ ನಾನೇ ನನ್ನ ಕೈಯಾರೆ ಬರೆದಿದ್ದೆ. ಊರಿನ ಮಕ್ಕಳಿಗೆ ಎಣಿಕೆ, ಬಣ್ಣ, ಹಕ್ಕಿ, ಹಣ್ಣು ಹೇಳಿಕೊಡುವ ಹೊತ್ತಿನಲ್ಲಿ ಅವನು ನಾಲ್ಕು ಮನೆ ಆಚೆ, ಅತ್ತೆಯ ಸೆರಗಿನಲ್ಲಿ.

ಅಲ್ಲಿಂದ ತಪ್ಪಿಸಿಕೊಂಡು ಒಮ್ಮೊಮ್ಮೆ ಬರುತ್ತಿದ್ದ. ಗುಡಿಯ ಪಕ್ಕದ ಆ ಕೋಣೆಯ ಬಾಗಿಲಲ್ಲಿ ನಿಂತು, "ಅವ್ವಾ" ಎಂದು ಕರೆದರೆ ಒಳಗಿನ ಮಕ್ಕಳೆಲ್ಲ ಒಟ್ಟಿಗೆ "ಟೀಚರ್, ನಿಮ್ಮ ಕೂಸು ಬಂತ್ರೀ" ಎಂದು ಕೂಗುತ್ತಿದ್ದವು. ಹಿಂದೆಯೇ ಅತ್ತೆ ಏದುಸಿರು ಬಿಡುತ್ತ ಬರುತ್ತಿದ್ದರು. "ಯವ್ವಾ, ನೀ ಕೆಲಸ ನೋಡು. ಇವನ್ನ ನಾ ನೋಡ್ಕೊಂತೀನಿ" ಎಂದು ಎತ್ತಿಕೊಂಡು ಹೋಗುವಾಗ ಅವನ ಅಳು ಓಣಿಯ ತುದಿಯವರೆಗೆ ಕೇಳುತ್ತಿತ್ತು. ಅಳು ನಿಂತ ಮೇಲೆಯೇ ನನಗೆ ಮುಂದಿನ ಹಾಡು ನೆನಪಾಗುತ್ತಿದ್ದದ್ದು.

ತಿಂಗಳಿಗೊಮ್ಮೆ ತೂಕದ ದಿನ. ತೊಲೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಕೂಸಿನ ಎರಡೂ ಕಾಲು ಹೊರಗೆ ಬರುವಂತೆ ಬಟ್ಟೆಯ ಜೋಳಿಗೆಯಲ್ಲಿ ಇಳಿಬಿಡುತ್ತಿದ್ದೆವು. ಒಂದು ಅತ್ತರೆ ಎಲ್ಲವೂ ಅಳುತ್ತಿದ್ದವು. ಆ ಗದ್ದಲದಲ್ಲಿ ಮುಳ್ಳು ನಿಲ್ಲುವುದನ್ನು ಕಾದು, ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆ ಇಟ್ಟು, ಹಿಂದಿನ ಚುಕ್ಕೆಗೆ ಗೆರೆ ಕೂಡಿಸಬೇಕು. ಆಗಿನ್ನೂ ಒಂದನೇ ದರ್ಜೆ, ಎರಡನೇ ದರ್ಜೆ ಎಂದು ನಾಲ್ಕು ಮಟ್ಟದ ಹಳೆಯ ಪಟ್ಟಿ. ಹಸಿರು, ಹಳದಿ, ಕಿತ್ತಳೆ ಪಟ್ಟೆಗಳು ಬಂದದ್ದು ಬಹಳ ವರ್ಷಗಳ ಮೇಲೆ. ಈ ಪಟ್ಟಿಗಳೇ ನನಗೆ ಮುಂದೆ ಒಂದು ವಿಷಯ ಕಲಿಸಿದವು. ಅದನ್ನು ಹೇಳುವ ಮೊದಲು ತವರಿಗೆ ಹೋಗಿಬರಬೇಕು.

ಬ್ಯಾಡಗಿಗೆ ನಾವು ಹೋಗುತ್ತಿದ್ದದ್ದು ರಾಣೇಬೆನ್ನೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ. ನಡುವೆ ದೇವರಗುಡ್ಡ ನಿಲ್ದಾಣ, ಅದಾದ ಮೇಲೆ ಬ್ಯಾಡಗಿ. ಚಿಕ್ಕ ದಾರಿ, ಆದರೆ ಎರಡು ವರ್ಷದವನ ಜೊತೆ ಯಾವ ದಾರಿಯೂ ಚಿಕ್ಕದಲ್ಲ. ಕಿಟಕಿಯ ಸರಳು ನೆಕ್ಕಿದ, ಎದುರು ಕೂತ ಅಜ್ಜನ ರುಮಾಲು ಎಳೆದ, ಶೇಂಗಾ ಮಾರುವವನ ಬುಟ್ಟಿಗೆ ಕೈ ಹಾಕಿದ. ಅಜ್ಜ ರುಮಾಲು ಬಿಚ್ಚಿ ಅವನ ತಲೆಗೇ ಸುತ್ತಿದರು. ಬ್ಯಾಡಗಿಯಲ್ಲಿ ಇಳಿಯುತ್ತಲೇ ಸೀನು. ಸುಗ್ಗಿಯ ತಿಂಗಳುಗಳಲ್ಲಿ ಆ ಊರಿಗೆ ಹೋದವರಿಗೆಲ್ಲ ಗೊತ್ತು. ಸೋಮವಾರ, ಗುರುವಾರ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳ ರಾಶಿ ಬಿದ್ದರೆ, ಊರಿನ ಗಾಳಿಯೇ ಕೆಂಪಗಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಅದರ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದು ದೊಡ್ಡವರ ನಾಲಿಗೆಯ ಮಾತು, ಕೂಸಿನ ಕಣ್ಣಿಗೆ ಆ ರಿಯಾಯಿತಿ ಇಲ್ಲ. ನನ್ನ ಅವ್ವ ಓಣಿಯ ಇತರ ಹೆಂಗಸರ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದವಳು ಮೊಮ್ಮಗನನ್ನು ನೋಡಿ ದೂರದಿಂದಲೇ ನಗುತ್ತಿದ್ದಳು, ಎತ್ತಿಕೊಳ್ಳುತ್ತಿರಲಿಲ್ಲ. ಎಣ್ಣೆ ತಿಕ್ಕಿ, ಮಜ್ಜಿಗೆಯಲ್ಲಿ ಕೈ ಅದ್ದಿ, ಸಾಬೂನು ಹಚ್ಚಿ ತೊಳೆದ ಮೇಲೂ ಕೈಯ ಉರಿ ಇಳಿಯುತ್ತಿರಲಿಲ್ಲ. ಸೀರೆ ಬದಲಿಸಿ, ಮೊಣಕೈಯಿಂದ ಅವನನ್ನು ಅಪ್ಪಿಕೊಂಡು, ಎರಡೂ ಅಂಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೂರುತ್ತಿದ್ದಳು. ನನ್ನನ್ನೂ ನನ್ನ ತಮ್ಮನನ್ನೂ ಅವಳು ಹಾಗೆಯೇ ಬೆಳೆಸಿದ್ದಳು ಎಂದು ಆಗ ನನಗೆ ಅರ್ಥವಾಯಿತು. ನಮ್ಮ ಮುಖ ಒರೆಸಿದವಳು ಮನೆಯಲ್ಲಿದ್ದ ಸೋದರತ್ತೆ.

ಕುಪ್ಪೇಲೂರಿನಲ್ಲಿ ಮೆಣಸಿನಕಾಯಿಯ ಜಾಗದಲ್ಲಿ ಹತ್ತಿ. ರಾಣೇಬೆನ್ನೂರು ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿ ತಂದರು, 1981ರಲ್ಲಿ ಜಯಲಕ್ಷ್ಮಿ ಎಂಬ ಡಿಸಿಎಚ್ 32 ಬಂತು. ಸಂಕರ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು, ಮಾಡುವುದು ಕೈಯಿಂದ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಿ, ಉಗುರಿನಿಂದ ಬಿಡಿಸಿ, ಅದರ ಗಂಡು ಭಾಗ ತೆಗೆದು, ಗುರುತಿಗೆ ಕೆಂಪು ಕಾಗದ ಮುಚ್ಚಬೇಕು. ಮಾರನೆಯ ಬೆಳಿಗ್ಗೆ ಗಂಡು ಗಿಡದ ಹೂ ತಂದು ಒಂದೊಂದಕ್ಕೂ ಮುಟ್ಟಿಸಬೇಕು. ನಮ್ಮವರು ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೂ ಕಾಯುವುದಿಲ್ಲ. ಹಬ್ಬವಿರಲಿ, ಮಳೆಯಿರಲಿ, ಆ ಎರಡು ತಿಂಗಳು ಬೆಳಿಗ್ಗೆ ಹೋದ ಹೆಂಗಸರು ಮರಳುವುದು ಕತ್ತಲಾದ ಮೇಲೆ.

ಕ್ರಾಸಿಂಗ್ ಶುರುವಾಯಿತೆಂದರೆ ನಮ್ಮ ಓಣಿಯ ಕಟ್ಟೆಗಳೆಲ್ಲ ಖಾಲಿ. ಊರು ಕೂಸನ್ನು ಸಾಕುತ್ತದೆ ಎಂದು ಹೇಳುವವರು ಆ ತಿಂಗಳಲ್ಲಿ ಬಂದು ನೋಡಬೇಕು. ಊರು ಹೊಲದಲ್ಲಿರುತ್ತದೆ. ತೊಟ್ಟಿಲ ಕೂಸನ್ನಾದರೂ ಕಟ್ಟಿಕೊಂಡು ಹೋಗಿ ಬೇವಿನ ಮರಕ್ಕೆ ಜೋಳಿಗೆ ಹಾಕಬಹುದು. ನಡೆಯುವ ಕೂಸನ್ನು ಹತ್ತಿ ಹೊಲಕ್ಕೆ ಒಯ್ಯುವಂತಿಲ್ಲ. ಆಗ ಹತ್ತಿಗೆ ಎಂಡೋಸಲ್ಫಾನ್, ಮೊನೊಕ್ರೊಟೊಫಾಸ್ ಹೊಡೆಯುತ್ತಿದ್ದ ಕಾಲ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು ನಿಲ್ಲಿಸಿದ್ದು 2011ರಲ್ಲಿ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸಿನವರನ್ನು ಆ ಸಾಲುಗಳಲ್ಲಿ ಬಿಡಲು ಯಾವ ತಾಯಿಗೂ ಧೈರ್ಯ ಬರುತ್ತಿರಲಿಲ್ಲ. ತರಬೇತಿ, ಸಭೆ ಎಂದು ನಾನು ತುಮ್ಮಿನಕಟ್ಟಿಗೆ ಹೋದಾಗ ನೇಕಾರರ ಮನೆಗಳಲ್ಲಿ ಮಗ್ಗದ ಪಕ್ಕದಲ್ಲೇ ತೊಟ್ಟಿಲು ನೋಡುತ್ತಿದ್ದೆ. ಅಲ್ಲಿ ತಾಯಿ ದುಡಿಯುವ ಜಾಗವೂ ಕೂಸು ಆಡುವ ಜಾಗವೂ ಒಂದೇ ಸೂರಿನಡಿ. ನಮ್ಮ ಹೆಂಗಸರಿಗೆ ಆ ಅನುಕೂಲ ಇರಲಿಲ್ಲ.

ಹಾಗಾದರೆ ಆ ಕೂಸುಗಳನ್ನು ಕಾಯುತ್ತಿದ್ದವರು ಯಾರು? ಅಜ್ಜಿ ಗಟ್ಟಿಯಾಗಿದ್ದ ಮನೆಯಲ್ಲಿ ಅಜ್ಜಿ. ಅಜ್ಜಿಯೂ ಕೂಲಿಗೆ ಹೋಗುವ ಮನೆಯಲ್ಲಿ ಅಕ್ಕ. ಆ ಅಕ್ಕನಿಗೆ ಎಂಟೋ ಒಂಬತ್ತೋ ವರ್ಷ. ಸಾಲಿಯ ಹಾಜರಿಯಲ್ಲಿ ಅವಳ ಹೆಸರು, ಸೊಂಟದ ಮೇಲೆ ತಮ್ಮ. ಬೆಳಿಗ್ಗೆ ಅವ್ವ ಬುಟ್ಟಿಯಲ್ಲಿ ಮುಚ್ಚಿಟ್ಟು ಹೋದ ರೊಟ್ಟಿ ಮಧ್ಯಾಹ್ನಕ್ಕೆ ಗಟ್ಟಿಯಾಗಿ, ಕೂಸು ಅದನ್ನು ಕಚ್ಚಲಾರದೆ ಎಸೆದರೆ ಅವಳಿಗೆ ಅಳು ಬರುತ್ತಿತ್ತು. ಅಂಥ ಒಬ್ಬ ಹುಡುಗಿ ನನ್ನ ಅಂಗನವಾಡಿಯ ಬಾಗಿಲಲ್ಲಿ ದಿನವೂ ಬಂದು ನಿಲ್ಲುತ್ತಿದ್ದಳು. ಅವಳಿಗೆ ವಯಸ್ಸು ಮೀರಿತ್ತು, ತಮ್ಮನಿಗೆ ವಯಸ್ಸು ಸಾಲದು. ಇಬ್ಬರಿಗೂ ಒಳಗೆ ಬರಲು ನಿಯಮ ಇಲ್ಲ. ಸಹಾಯಕಿ ಒಂದು ಬಟ್ಟಲು ತುಂಬಿ ಕೊಡುತ್ತಿದ್ದಳು, ಹುಡುಗಿ ತಮ್ಮನಿಗೆ ತಿನ್ನಿಸಿ ಉಳಿದದ್ದನ್ನು ತಾನು ತಿನ್ನುತ್ತಿದ್ದಳು.

ಪಟ್ಟಿಗಳು ಕಲಿಸಿದ ವಿಷಯ ಇದು. ನನ್ನ ಕೇಂದ್ರದ ಪಟ್ಟಿಯಲ್ಲಿ ಒಂದರಿಂದ ಮೂರು ವರ್ಷದ ಕೆಲವು ಮಕ್ಕಳ ಗೆರೆ ಶ್ರಾವಣದ ತನಕ ಏರಿ, ಆಮೇಲೆ ಮಲಗಿಬಿಡುತ್ತಿತ್ತು. ದೀಪಾವಳಿ ಕಳೆದ ಮೇಲೆ ಮತ್ತೆ ಏಳುತ್ತಿತ್ತು. ಮೊದಲ ವರ್ಷ ಮಳೆಗಾಲದ ಭೇದಿ, ಜ್ವರ ಎಂದುಕೊಂಡೆ. ಅದೂ ಇತ್ತು. ಆದರೆ ಅದೇ ಓಣಿಯಲ್ಲಿ, ಅದೇ ನೀರು ಕುಡಿಯುವ, ನಮಗಿಂತ ಬಡವರಾದರೂ ಅಜ್ಜಿ ಮನೆಯಲ್ಲಿದ್ದ ಕೂಸಿನ ಗೆರೆ ಮಲಗುತ್ತಿರಲಿಲ್ಲ. ಮನೆಗೆ ಕೂಲಿಯ ದುಡ್ಡು ಹೆಚ್ಚು ಬರುವ ತಿಂಗಳಲ್ಲೇ ಕೂಸಿನ ತೂಕ ನಿಲ್ಲುತ್ತಿತ್ತು. ಹಿಟ್ಟು ಮನೆಯಲ್ಲಿತ್ತು. ಅದನ್ನು ಕಲಸಿ, ಕೂಸಿನ ಹಿಂದೆ ಓಡಿ, ದಿನಕ್ಕೆ ಐದು ಸಲ ಬಾಯಿಗೆ ಇಡುವ ಒಬ್ಬ ದೊಡ್ಡ ಮನುಷ್ಯರು ಇರಲಿಲ್ಲ.

ನನ್ನ ಮಗನ ಗೆರೆ ಏರುತ್ತಲೇ ಹೋಯಿತು. ನಾನು ಕಲಿತವಳೆಂದು, ತರಬೇತಿ ಆದವಳೆಂದು ಊರಿನವರು ಅದರ ಶ್ರೇಯಸ್ಸನ್ನು ನನಗೆ ಕೊಡುತ್ತಿದ್ದರು. ಅದು ಪೂರ್ತಿ ಅತ್ತೆಗೆ ಸಲ್ಲಬೇಕಾದದ್ದು. ಒಮ್ಮೆ ಅವರ ಮುಂದೆ ಹಾಗೆಂದೆ. ಎಲೆ ಅಡಿಕೆ ಮೆಲ್ಲುತ್ತ, "ಹೊಲದಾಗ ಆಳು ಎಷ್ಟು ಅಂತ ಸಂಜಿಕ ಎಣಸ್ತಾರ. ಕೂಸು ಕಾಯೋರನ್ನ ಯಾರು ಎಣಸ್ತಾರವ್ವಾ?" ಎಂದರು. ಬೇಸರದಿಂದ ಹೇಳಿದ್ದಲ್ಲ, ಲೆಕ್ಕ ಹೇಳಿದ್ದು. ಮೊದಲ ಕ್ರಾಸಿಂಗ್ ಸುಗ್ಗಿಯಲ್ಲಿ ಅವರು ಮನೆಯಲ್ಲಿ ಉಳಿದದ್ದರಿಂದ ನಮ್ಮ ಹೊಲಕ್ಕೆ ಒಬ್ಬ ಆಳು ಹೆಚ್ಚು ಕರೆಯಬೇಕಾಗಿತ್ತು. ಆ ಕೂಲಿಯನ್ನು ಮಾವನವರು ಪುಸ್ತಕದಲ್ಲಿ ಬರೆದಿದ್ದರು. ಅದು ಮೊಮ್ಮಗನನ್ನು ಕಾದ ಕೆಲಸದ ಬೆಲೆ ಎಂದು ಆ ಪುಸ್ತಕದಲ್ಲಿ ಬರೆಯಲು ಕಾಲಂ ಇರಲಿಲ್ಲ.

ನಗುವಿನ ದಿನಗಳೂ ಬೇಕಾದಷ್ಟಿದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾವನವರು ಎರೆಮಣ್ಣು ಕಲಸಿ ಎತ್ತು ಮಾಡಿ ಜಗುಲಿಯ ಮೇಲೆ ಇಟ್ಟರೆ, ಪೂಜೆಗೆ ಮೊದಲೇ ಒಂದರ ಕೋಡು ಕಾಣೆ. ಮಗನ ಬಾಯಿ ಕಪ್ಪು. ಮಾವನವರು ಸಿಟ್ಟಾಗದೆ, "ಈ ವರ್ಷ ಒಂದು ಬೋಳೆತ್ತು" ಎಂದು ಪೂಜೆ ಮಾಡಿದರು. ನರ್ಸಬಾಯಿ ಮಾತ್ರ ಇದನ್ನು ಕೇಳಿ ನಗಲಿಲ್ಲ. ಮಣ್ಣು ತಿನ್ನುವ ಕೂಸಿಗೆ ರಕ್ತ ಕಡಿಮೆ ಇರಬಹುದು, ಜಂತುಹುಳು ಇರಬಹುದು ಎಂದು ಕಣ್ಣ ರೆಪ್ಪೆ ಎಳೆದು ನೋಡಿ ಕಬ್ಬಿಣದ ಸಿರಪ್ ಕೊಟ್ಟಳು. ಈಗ ವರ್ಷ ತುಂಬಿದ ಎಲ್ಲ ಮಕ್ಕಳಿಗೂ ಜಂತುಹುಳುವಿನ ಮಾತ್ರೆ ಕೊಡುವ ದಿನವೇ ಇದೆ. 2015ರಿಂದ ನಡೆದುಬಂದಿದೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ.

ಪೋಲಿಯೊ ಹನಿಯ ದಿನಗಳೂ ಆಗ ಹೊಸವು. ದೇಶದಾದ್ಯಂತ ಪಲ್ಸ್ ಪೋಲಿಯೊ ಶುರುವಾದದ್ದು 1995ರ ಡಿಸೆಂಬರ್ 9ರಂದು, ಮೊದಲ ಸುತ್ತು ಮೂರು ವರ್ಷದೊಳಗಿನವರಿಗೆ. ಮಾರನೆಯ ವರ್ಷದಿಂದ ಐದರೊಳಗಿನವರಿಗೆಲ್ಲ. ಮಗನಿಗೆ ಮೊದಲ ಸಲ ಆ ಎರಡು ಹನಿ ಬಿದ್ದದ್ದು ಆ ಎರಡನೆಯ ವರ್ಷದಲ್ಲಿ, ನಾನೇ ಕೂತಿದ್ದ ಮೇಜಿನಲ್ಲಿ. ಮೊದಲೇ ಹಾಕಿಸಿದ ಹನಿ ಇರುವಾಗ ಮತ್ತೆ ಯಾಕೆ ಎಂದು ಕೇಳುವವರು ಬಹಳ. ಟೀಚರಿನ ಕೂಸಿಗೆ ಮೊದಲು ಹಾಕಿ ತೋರಿಸಿ ಎಂದವರೂ ಇದ್ದರು. ಅವನ ಬಾಯಿ ತೆರೆಸಿ ಎಲ್ಲರೆದುರು ಹಾಕಿಸಿದೆ.  ಭಾರತ ಪೋಲಿಯೊ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಚ್ 27ರಂದು ಪ್ರಮಾಣ ಪತ್ರ ಕೊಟ್ಟಾಗ ಅವನು ಕಾಲೇಜು ಸೇರುವ ತಯಾರಿಯಲ್ಲಿದ್ದ.

ಜವಳ ತೆಗೆಸಿದ್ದು ದೇವರಗುಡ್ಡದಲ್ಲಿ, ಮೂರನೆಯ ವರ್ಷ ನಡೆಯುವಾಗ, ದಸರೆಗೆ. ಮಾಲತೇಶ ನಮ್ಮ ಮನೆದೇವರು. ಸೋದರಮಾವನ ತೊಡೆಯ ಮೇಲೆ ಕೂತು ಕೂದಲು ಕೊಡಬೇಕು. ನನ್ನ ತಮ್ಮ ಅವನನ್ನು ಒಪ್ಪಿಸಲು ಜೇಬಿನ ತುಂಬ ಪೆಪ್ಪರಮೆಂಟು ಇಟ್ಟುಕೊಂಡು ಬಂದಿದ್ದ. ಕೂದಲು ಹೇಗೋ ಹೋಯಿತು. ಆಮೇಲೆ ಕಾರಣಿಕ. ಕಪ್ಪು ಕಂಬಳಿಯ ಗೊರವಪ್ಪ ಎತ್ತರದ ಬಿಲ್ಲು ಏರಿ, "ಸದ್ದಲೇ" ಎಂದು ಕೂಗಿದರೆ ಸುತ್ತ ನೆರೆದ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ವರ್ಷದ ಮಳೆ ಬೆಳೆ ಹೇಗೆ ಎಂದು ಆ ಒಂದು ಮಾತಿನಿಂದ ರೈತರು ತಿಳಿಯಬೇಕು. ಆ ನಿಶ್ಶಬ್ದದ ಒಳಗೆ, ಬೋಳುತಲೆಗೆ ಭಂಡಾರ ಮೆತ್ತಿಕೊಂಡು ಮಾವನ ಹೆಗಲ ಮೇಲೆ ಕೂತಿದ್ದ ನನ್ನ ಮಗ ಗಟ್ಟಿಯಾಗಿ, "ಅವ್ವಾ, ಉಚ್ಚಿ" ಎಂದ. ಸುತ್ತಲಿನ ಹತ್ತಿಪ್ಪತ್ತು ಜನಕ್ಕೆ ಆ ವರ್ಷದ ಕಾರಣಿಕ ಕೇಳಿಸಲಿಲ್ಲ. ಒಬ್ಬ ಅಜ್ಜ ಮಾತ್ರ, "ಮಳಿ ಬರ್ತೈತಿ ಬಿಡ್ರಿ" ಎಂದು ನಕ್ಕುಬಿಟ್ಟರು. ತಮ್ಮನ ಅಂಗಿಯ ಹೆಗಲು ಅಷ್ಟರಲ್ಲಿ ತೋಯ್ದಿತ್ತು.

1999ರ ಮುಂಗಾರಿಗೆ ಅವನಿಗೆ ಮೂರು ತುಂಬಿತು. ಅವನ ಹೆಸರನ್ನು ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ಬರೆದೆ. ಅಧಿಕೃತವಾಗಿ ಒಳಗೆ ಬಂದು, ಸಾಲಿನಲ್ಲಿ ಕೂತು, ಮೊದಲ ದಿನವೇ ಪಕ್ಕದವನನ್ನು ಕಚ್ಚಿದ. ಬಾಗಿಲಲ್ಲಿ ನಿಲ್ಲುತ್ತಿದ್ದ ಆ ಹುಡುಗಿಯ ತಮ್ಮನೂ ಆಗ ಒಳಗೆ ಬಂದ. ಹುಡುಗಿ ಸಾಲಿಗೆ ಮರಳಲಿಲ್ಲ. ಎರಡು ವರ್ಷ ಬಿಟ್ಟುಹೋದ ಪಾಠದ ಮುಂದೆ ಕೂರಲು ಅವಳಿಗೆ ನಾಚಿಕೆ. ಮುಂದಿನ ಹತ್ತಿಯ ಕಾಲಕ್ಕೆ ಅವಳೇ ಕ್ರಾಸಿಂಗಿಗೆ ಹೋದಳು. ಸಣ್ಣ ಬೆರಳು ಮೊಗ್ಗು ಬಿಡಿಸಲು ಅನುಕೂಲ ಎಂದು ಕರೆದುಕೊಂಡು ಹೋಗುವವರು ಆಗ ಬಹಳ ಇದ್ದರು. ಕಡ್ಡಾಯ ಶಿಕ್ಷಣದ ಹಕ್ಕು ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನೇ ನಿಷೇಧಿಸಿದ ತಿದ್ದುಪಡಿ ಬಂದದ್ದು 2016ರಲ್ಲಿ. ಆ ತಿದ್ದುಪಡಿಯೂ ಸಾಲಿಯ ಹೊತ್ತು ಬಿಟ್ಟು ಮನೆಯವರ ಕೆಲಸಕ್ಕೆ ನೆರವಾಗಲು ಅವಕಾಶ ಇಟ್ಟಿದೆ. ತಮ್ಮನನ್ನು ಕಾಯುವುದು ದುಡಿಮೆ ಎಂದು ಯಾವ ಕಾಯ್ದೆಯೂ ಎಣಿಸಿಲ್ಲ.

ಈಗ ಮಗ ಬೆಂಗಳೂರಿನಲ್ಲಿದ್ದಾನೆ. ಅವನಿಗೂ ಒಂದು ಕೂಸಾಗಿ, ಅದಕ್ಕೂ ಕಾಲು ಬಂದಿದೆ. ಸೊಸೆಯ ಕಚೇರಿಯಲ್ಲಿ ಶಿಶುಪಾಲನಾ ಕೇಂದ್ರ ಇದೆ. ಐವತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಅದು ಇರಲೇಬೇಕು ಎಂದು 2017ರ ಹೆರಿಗೆ ಸೌಲಭ್ಯದ ತಿದ್ದುಪಡಿ ಹೇಳಿತು. ಹೋಗಿ ನೋಡಿಬಂದೆ. ಈಳಿಗೆ ಇಲ್ಲ, ಹಂಡೆ ಇಲ್ಲ, ಎತ್ತಿನ ಕಾಲೂ ಇಲ್ಲ. ಮೂಲೆಗಳಿಗೆಲ್ಲ ರಬ್ಬರು. ಮೊಮ್ಮಗಳು ಅಲ್ಲಿ ನಾಲ್ಕು ಹೊತ್ತು ತಿನ್ನುತ್ತಾಳೆ. ಚೆನ್ನಾಗಿದೆ ಎಂದೇ ಹೇಳಬೇಕು, ನಮ್ಮ ಕಾಲವೇ ಚೆನ್ನ ಎಂದು ಹೇಳುವ ಹಟ ನನಗಿಲ್ಲ. ಆದರೆ ಹೊಲದಲ್ಲಿ ಐವತ್ತು ಹೆಂಗಸರು ಕ್ರಾಸಿಂಗ್ ಮಾಡಿದರೆ ಅದನ್ನು ಕಚೇರಿ ಎಂದು ಯಾರೂ ಕರೆಯುವುದಿಲ್ಲ.

ಹಳ್ಳಿಯ ಕಡೆಗೆ ಕಣ್ಣು ಹೋದದ್ದು ತಡವಾಗಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಎಳೆಯ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಕೂಲಿ ಕೊಡಬೇಕು ಎಂದು ಬರೆದರು. ಕೂಸು ಕಾಯುವವರನ್ನು ಯಾರೋ ಕಡೆಗೂ ಎಣಿಸಿದರು ಎಂದು ಅದನ್ನು ಓದಿದ ದಿನ ಅತ್ತೆಯನ್ನು ನೆನೆದೆ. 2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ತಂದಿತು, ಮೂರು ವರ್ಷದೊಳಗಿನ ಮಕ್ಕಳಿಗೆಂದೇ. ನಾನು ನಿವೃತ್ತಳಾಗುವ ತನಕ ನನ್ನ ರಿಜಿಸ್ಟರಿನಲ್ಲಿ ಹೆಸರಿದ್ದೂ ಜಾಗವಿಲ್ಲದ ಮಕ್ಕಳಿಗೆ ಇದು ಮೊದಲ ಸಲ ಸಿಕ್ಕ ಸೂರು.

ಆ ಸೂರು ಹೊತ್ತಿಗೆ ಸರಿಯಾಗಿ ತೆರೆದಿರಬೇಕು ಎನ್ನುವುದೊಂದೇ ನನ್ನ ಮಾತು. ಹತ್ತಿಯ ಮೊಗ್ಗು ಸರ್ಕಾರಿ ವೇಳೆಗೆ ಬಲಿಯುವುದಿಲ್ಲ. ತಾಯಂದಿರು ಬೆಳಿಗ್ಗೆ ಹೊಲಕ್ಕೆ ಹೋಗುವ ಮೊದಲು ಬಾಗಿಲು ತೆಗೆಯಬೇಕು, ಸಂಜೆ ಅವರು ಮರಳಿದ ಮೇಲೆ ಮುಚ್ಚಬೇಕು. ಕ್ರಾಸಿಂಗ್ ತಿಂಗಳುಗಳಲ್ಲಿ, ಮೆಣಸಿನಕಾಯಿಯ ಸುಗ್ಗಿಯಲ್ಲಿ, ಭಾನುವಾರ ಹಬ್ಬ ಎಂದು ಬೀಗ ಹಾಕಬಾರದು. ಸ್ವಂತ ಹೊಲಕ್ಕೆ, ಬೇರೆಯವರ ಹೊಲಕ್ಕೆ, ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವವರ ಕೂಸುಗಳಿಗೂ ಬಾಗಿಲು ತೆರೆದಿರಬೇಕು. ಅಲ್ಲಿ ಕಾಯುವ ಹೆಂಗಸಿನ ಕೂಲಿ ತಿಂಗಳು ತಪ್ಪಬಾರದು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ದೀಪ, ಚರಂಡಿಯ ಜೊತೆ ಇದನ್ನೂ ಕೇಳಿ: ನಮ್ಮೂರಲ್ಲಿ ಕೂಸಿನ ಮನೆ ಇದೆಯೇ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ.